ಜೀಪು ಹತ್ತಿದವಳು ನಾನೊಬ್ಬಳೇ

ತಂಗೀ,

ನಾವಿಬ್ಬರೂ ಚೆನ್ನಾಗಿದ್ದೇವೆ, ನಿನ್ನ ಭಾವನ ಸೊಂಟವೊಂದನ್ನು ಬಿಟ್ಟು. ಇಲ್ಲಿ ರಸ್ತೆಯೇ ಇಲ್ಲದ ಗುಡ್ಡದ ಮೇಲೆ ಜೀಪಿನಲ್ಲಿ ಸುತ್ತಾಡಿಸುತ್ತಾರೆ. ಎರಡು ದಿನದಿಂದ ಇವರದು ‘ಹೋಗೋಣ’, ನನ್ನದು ‘ಬೇಡ’. ಕೊನೆಗೆ ಇವರೇ ಗೆದ್ದರು. ಬೆಳಿಗ್ಗೆ ಹೋದರೆ ಜೀಪಿನವನು ಮೊದಲು ಕೇಳಿದ್ದೇ, "ಯಾರಿಗಾದ್ರೂ ಸೊಂಟ ನೋವಿದ್ಯಾ?"

"ಮೂವತ್ತು ವರ್ಷ ಬಸ್ ಓಡ್ಸಿದೀನಿ, ನಂಗೇನಪ್ಪಾ ಆಗುತ್ತೆ?" ಎಂದು ಇವರು ಎದೆಯುಬ್ಬಿಸಿದರು.

"ಹಾಗಾದ್ರೆ ಇದ್ದೇ ಇರುತ್ತೆ. ನೀವು ಇಲ್ಲೇ ಕೂತಿರಿ ಯಜಮಾನ್ರೇ" ಎಂದ ಅವನು.

ಇವರ ಮುಖ ಸಪ್ಪಗಾಯಿತು. ಒಂದು ಕಾಲು ಒಳಗಿಟ್ಟಿದ್ದ ನಾನೂ ಇಳಿಯಹೋದೆ. ಇವರೇ ನನ್ನ ಕೈಚೀಲ ತೆಗೆದುಕೊಂಡು, "ನೀನು ಹೋಗ್ಬಾ" ಎಂದರು.

ಏನು ಹೇಳಲಿ! ಮುಂದಿನ ಗಾಜಿನಲ್ಲಿ ಒಮ್ಮೆ ಬರೀ ಆಕಾಶ, ಮರುಗಳಿಗೆ ಬರೀ ನೆಲ. ಮೊರದಲ್ಲಿ ಹಾಕಿ ಕೇರಿದ ಹಾಗಾಯಿತು. ಭಯಕ್ಕೆ ಕೂಗಿದೆನೋ ಖುಷಿಗೋ, ದೇವರೇ ಬಲ್ಲ. ನೀವು ಬಂದರೆ ನೀನು ಧಾರಾಳವಾಗಿ ಹತ್ತು, ಆದರೆ ಹೊಟ್ಟೆ ಬಿರಿಯ ತಿಂದು ಹತ್ತಬೇಡ. ಮಂಡಿನೋವಿನ ನಿಮ್ಮ ಅತ್ತೆಯನ್ನಂತೂ ಹತ್ತಿಸಲೇಬೇಡ.

ಕಾರ್ಡು ಮುಗಿಯುತ್ತಾ ಬಂತು, ಮುಖ್ಯ ವಿಷಯ ಕೇಳು. ಜೀಪು ವಾಪಸಾದದ್ದು ಒಂದು ಗಂಟೆ ತಡವಾಗಿ. ಇವರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ದಾರಿಯನ್ನೇ ನೋಡುತ್ತ ಕೂತಿದ್ದರು. "ಯಾಕಿಷ್ಟು ಲೇಟು?" ಎಂದರು. ಮೂವತ್ತು ವರ್ಷ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದ ಮಾತು! ಇವರು ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ:

"ರೋಡ್ ಸರಿ ಇರ್ಲಿಲ್ಲ."

ನಿನ್ನ ಅಕ್ಕ