ಇಡದ ಕೈ

೧೨ ಆಗಸ್ಟ್ ೧೯೮೬, ಟಿ.ಬಿ. ಡ್ಯಾಂ. ಸ್ಕೂಲಿನಿಂದ ಈಗಷ್ಟೇ ಬಂದೆ.

ಹೊಳೆಮ್ಮಾ,

ಈಗ ಕ್ಲಾಸಿನಲ್ಲಿ ನಿನ್ನ ಜಾಗದಲ್ಲಿ ಭೀಮಮ್ಮ ಕೂರುತ್ತಾಳೆ. ಇವತ್ತು ಅವಳು ಬುತ್ತಿ ಬಿಚ್ಚದೆ, "ಜೀವಾನ ಬ್ಯಾಡಾಗೈತಿ ನೋಡಲೇ" ಎಂದಳು. ಓದುತ್ತಿದ್ದ ಬಂಗಾಳಿ ಕಾದಂಬರಿಯ ಅನುವಾದವನ್ನು ಗುರುತಿಡದೆ ಮುಚ್ಚಿ, ಕೇಳಿಸಿಕೊಂಡೆ. ಕೊನೆಗೆ, ಹೋದ ವರ್ಷ ನೀನು ಚಾಚಿದಂತೆಯೇ, ಅಂಗೈ ಚಾಚಿದಳು.

"ಯಾರಿಗೂ ಹೇಳಂಗಿಲ್ಲ. ಹುಲಿಗೆಮ್ಮನ ಆಣಿ ಮಾಡು."

ನಾನು ಕೈ ಇಡಲಿಲ್ಲ. "ಆಣಿ ಬ್ಯಾಡ. ಇಬ್ರೂ ಕೂಡಿ ನಿಮ್ಮವ್ವಗ ಹೇಳೋಣು."

"ಹಂಗಾರ ನಿನ್ನ ಪುಸ್ತಕಾನ ಓದ್ಕೊಂತ ಕುಂದ್ರು," ಎಂದು ಹಿಂದಿನ ಬೆಂಚಿಗೆ ಹೋದಳು.

ಅಂದು ನಿನ್ನ ಅಂಗೈ ಮೇಲೆ ಕೈಯಿಟ್ಟು ಮಾಡಿದ ಆಣೆಯನ್ನು ನಾನು ಮುರಿದಿಲ್ಲ. ನೀನು ತೀರಿಕೊಂಡ ಮೇಲೆ ನಿಮ್ಮವ್ವ, "ನಿನಗೇನರ ಹೇಳಿದ್ಲೇನವ್ವಾ?" ಎಂದು ಕೇಳಿದಾಗಲೂ ಇಲ್ಲ.

ಇದನ್ನು ಮಡಚಿಟ್ಟು, ಬೆಳಕಿರುವಾಗಲೇ ಭೀಮಮ್ಮನ ಮನೆಗೆ ಹೋಗಿ ಅವಳ ಅವ್ವನಿಗೆ ಎಲ್ಲ ಹೇಳಬೇಕೆಂದಿದ್ದೇನೆ. ಭೀಮಮ್ಮ ನನ್ನೊಡನೆ ಮಾತು ಬಿಟ್ಟರೆ ಬಿಡಲಿ. ಆ ಹಿಂದಿನ ಬೆಂಚಿನಲ್ಲಾದರೂ ಕೂತಿರಲಿ.