ಗೂಬೆಯ ಮೇಲಿನ ಗೀಟು

ಜನವರಿ 14, ಮಂಗಳವಾರ

ಇವತ್ತಿನ ಟಪಾಲು — ಕರೆಂಟ್ ಬಿಲ್ಲು, ಹಲ್ಲಿನ ಡಾಕ್ಟರ ಕಾರ್ಡು, ಕಿವಿಯಂತ್ರದ ಜಾಹೀರಾತು. ಮೂರಕ್ಕೂ ಯಂತ್ರದ ಅಚ್ಚು. ಸ್ಟಾಂಪೇ ಇಲ್ಲ! ಒಂದು ಸ್ಟಾಂಪು ಅಂಟಿಸುವಷ್ಟೂ ಪುರುಸೊತ್ತಿಲ್ಲವಂತೆ ಜನಕ್ಕೆ. ಅಂಟಿಸಿದರೂ ಈಗಿನ ಅಂಟು ನೀರಿಗೆ ಜಗ್ಗುವುದಿಲ್ಲ. ಮೊದಲಾದರೆ ಬೋಗುಣಿಯಲ್ಲಿ ನೆನೆಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಈಗ ಲಕೋಟೆಯ ಕಾಗದದ ಸಮೇತ ಕತ್ತರಿಸಿಟ್ಟುಕೊಳ್ಳಬೇಕು. ಹಾಳಾಗಿ ಹೋಗಲಿ.

ಹಕ್ಕಿಗಳ ಸ್ಟಾಂಪ್ ಸೆಟ್ಟಿನಲ್ಲಿ ಹತ್ತಕ್ಕೆ ಒಂಬತ್ತು ಸಿಕ್ಕಿವೆ. ಗೂಬೆ ಒಂದೇ ಬಾಕಿ. ಪೋಸ್ಟಾಫೀಸಿನಲ್ಲಿ ಹೊಸದು ಕೊಂಡು ಆಲ್ಬಮ್ಮಿಗೆ ಅಂಟಿಸಬಹುದು — ಥೂ! ಮನೆಗೆ ಬಂದ ಕಾಗದದ ಮೇಲಿನದೇ ಆಗಬೇಕು, ಮುದ್ರೆ ಬಿದ್ದಿರಬೇಕು. ಸ್ಟಾಂಪ್ ಕ್ಲಬ್ಬಿನಲ್ಲಿ ನಾನೂ ಐನೋನೂ ಮಾಡಿದ ನಿಯಮ. ಕ್ಲಬ್ಬಿನಲ್ಲಿ ಈಗ ಉಳಿದಿರುವುದೂ ನಾವಿಬ್ಬರೇ. ಗಣಿಯಲ್ಲಿ ದುಡಿದ ಮನುಷ್ಯ ಅವನು, ಈಗ ಎಸ್ಕನಾಬಾ ಊರಿನ ವೃದ್ಧಾಶ್ರಮದಲ್ಲಿ ಕೂತಿದ್ದಾನೆ. ಗೂಬೆ ಕಳಿಸು ಎಂದು ಬರೆದಿದ್ದೇನೆ.

ಜನವರಿ 30, ಗುರುವಾರ

ಐನೋನ ಲಕೋಟೆಯ ಮೇಲೆ ಗೂಬೆ ಬಂತು! ಬಂದು ಏನು ಸುಖ... ಮುಖದ ಮೇಲೆ ಅಡ್ಡಲಾಗಿ ಪೆನ್ನಿನ ಗೀಟು. ಯಾವ ಕೈಗೆ ಬರ ಬಂದಿತ್ತೋ! ಅಂಚೆಯ ಡ್ವೈಟನನ್ನು ಮೆಟ್ಟಿಲ ಮೇಲೇ ತಡೆದೆ.

"ಇದು ನಿನ್ ಕೆಲ್ಸಾನೇನೋ?"

"ನನ್ ಮೇಲೆ ಗೂಬೆ ಕೂರಿಸ್ಬೇಡಿ ಅಮ್ಮಾ. ಯಂತ್ರ ಮುದ್ರೆ ಒತ್ತದೆ ಬಿಟ್ಟಿದ್ರೆ ಮಾತ್ರ ನಾವು ಗೀಟು ಎಳೆಯೋದು. ಇದಕ್ಕೆ ಮುದ್ರೆ ಬಿದ್ದಿದ್ಯಲ್ಲ!"

"ಹಾಗಾದ್ರೆ ಯಾರು ಗೀಚಿದ್ದು, ಗೂಬೇನೇ ಗೀಚ್ಕೊಂಡ್ತಾ?"

"ಅದನ್ನೇ ಕೇಳಿ" ಎಂದು ಹಿಮ ತುಳಿದುಕೊಂಡು ಹೋದ. ಎಂಥ ಸೊಕ್ಕು.

ಫೆಬ್ರವರಿ 12, ಬುಧವಾರ

ಇನ್ನೊಂದು ಕಳಿಸು ಎಂದು ಐನೋಗೆ ಬರೆದಿದ್ದೆ, ಎರಡನೇ ಗೂಬೆ ಬಂತು. ಮತ್ತೆ ಅದೇ ಗೀಟು, ಕಣ್ಣಿಂದ ಕಣ್ಣಿಗೆ. ಸಾಕಾಯಿತು. ಪೋಸ್ಟಾಫೀಸಿಗೆ ದೂರು ಬರೆದೆ, ಡ್ವೈಟನ ಹೆಸರು ಹಾಕಿಯೇ ಬರೆದೆ. ಅನುಭವಿಸಲಿ.

ಮಾರ್ಚ್ 8, ಶನಿವಾರ

ಡ್ವೈಟ್ ಈಗ ಮಾತಾಡುವುದಿಲ್ಲ. ಡಬ್ಬಿಗೆ ತುರುಕಿ ಹೋಗುತ್ತಾನೆ. ಇವತ್ತು ಮೂರನೇ ಗೂಬೆ. ಗೀಟು!

ಸಿಟ್ಟಿನಲ್ಲಿ ಭೂತಗನ್ನಡಿ ಹಿಡಿದೆ. ನೋಡುತ್ತೇನೆ... ಗೀಟು ಮುದ್ರೆಯ ಮೇಲಿಲ್ಲ. ಮುದ್ರೆ ಗೀಟಿನ ಮೇಲಿದೆ. ಅಂದರೆ ಟಪಾಲು ಸೇರುವ ಮೊದಲೇ ಎಳೆದದ್ದು. ಹಳೆಯ ಎರಡನ್ನೂ ತೆಗೆದು ನೋಡಿದೆ. ಅವೂ ಹಾಗೇ. ಫೋನ್ ಎತ್ತಿದೆ.

"ಐನೋ, ಗೀಟು ಎಳೆದಿದ್ದು ನೀನೇ ಅಲ್ವಾ?"

ಆ ಕಡೆ ಕೆಮ್ಮು. "ಇಷ್ಟು ದಿನ ಬೇಕಾಯ್ತಾ ಕಂಡುಹಿಡಿಯೋಕೆ?"

"ನಾಚ್ಕೆ ಆಗಲ್ವಾ ನಿಂಗೆ? ಆ ಪಾಪದ ಡ್ವೈಟ್ ಮೇಲೆ ದೂರು ಕೊಟ್ಟೆನಲ್ಲೋ!"

"ಹೋದ್ಸಲ ಮೀನಿನ ಸೆಟ್ಟು ತುಂಬಿದ್ಮೇಲೆ ನಂಗೆಷ್ಟು ಕಾಗದ ಬರ್ದೆ ಹೇಳು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಒಂದೂ ಇಲ್ಲ. ಹಕ್ಕಿ ಸೆಟ್ಟು ಶುರುವಾಗೋವರ್ಗೂ ಒಂದೂ ಇಲ್ಲ. ಗೂಬೆ ಸಿಕ್ಬಿಟ್ರೆ ಮತ್ತೆ ಹಾಗೇ. ಇಲ್ಲಿ ನಂಗೆ ಬರೆಯೋರು ಬೇರೆ ಯಾರಿದಾರೆ, ಲೋರ್ನಾ?"

ಫೋನ್ ಕುಕ್ಕಿದೆ. ಮೈಯೆಲ್ಲ ಉರಿಯುತ್ತಿದೆ. ಕೇಳಿದ್ದರೆ ಬರೆಯುತ್ತಿರಲಿಲ್ಲವೇ? ಬಾಯಿಬಿಟ್ಟು ಕೇಳುವುದಕ್ಕೇನು ಧಾಡಿ? ಮೂರು ಗೂಬೆ ಹಾಳು!

ಮಾರ್ಚ್ 11, ಮಂಗಳವಾರ

ದೂರು ವಾಪಸು ತೆಗೆದುಕೊಂಡೆ. ಡ್ವೈಟ್ ಬರುವ ಹೊತ್ತಿಗೆ ಮಾಂಸ ತುಂಬಿದ ಬಿಸಿಬಿಸಿ ಪೇಸ್ಟಿ ಕಡುಬು ಹಿಡಿದು ಬಾಗಿಲಲ್ಲಿ ನಿಂತೆ. ತಪ್ಪಾಯ್ತು ಕಣೋ ಎಂದೆ. ಅರ್ಧ ಅಲ್ಲೇ ನಿಂತು ತಿಂದ.

"ಕಳ್ಳ ಸಿಕ್ಕಿದ್ನಾ ಅಮ್ಮಾ?"

"ಸಿಕ್ದ. ಮುದಿ ಗೂಬೆ, ಎಸ್ಕನಾಬಾದಲ್ಲಿ ಕೂತಿದೆ."

ಐನೋಗೆ ಬರೆದಿಲ್ಲ. ಬರೆಯುವುದೂ ಇಲ್ಲ.

ಮಾರ್ಚ್ 25, ಮಂಗಳವಾರ. ಮಧ್ಯಾಹ್ನ ಎರಡು

ನಿನ್ನೆಯ ಟಪಾಲು ಈಗ ತೆಗೆದೆ. ಐನೋನ ಲಕೋಟೆ. ಗೂಬೆ. ಒಂದು ಗೀಟೂ ಇಲ್ಲ. ಮೂಲೆಯಲ್ಲಿ ದುಂಡು ಮುದ್ರೆ, ಊರು, ತಾರೀಕು ಎಲ್ಲ ಸ್ಪಷ್ಟ. ಯಂತ್ರದ್ದಲ್ಲ. ಊರುಗೋಲು ಹಿಡಿದು, ಈ ಹಿಮದಲ್ಲಿ, ಕೌಂಟರಿಗೇ ಹೋಗಿ ಕೈಯಲ್ಲಿ ಒತ್ತಿಸಿದ್ದಾನೆ. ಇಷ್ಟು ಚೆಂದದ ಮುದ್ರೆ ನೋಡಿ ಎಷ್ಟು ಕಾಲವಾಯಿತೋ.

ಒಳಗೆ ಎರಡೇ ಸಾಲು. "ತಗೋ, ಪುಟ ತುಂಬಿಸ್ಕೋ. ಇನ್ಮೇಲೆ ನಂಗೆ ಬರೆಯೋ ಕಷ್ಟ ನಿಂಗೆ ಬೇಡ."

ಏನು ಕೊಬ್ಬು! ಬರೆಯಬೇಡ ಎನ್ನಲು ಇವನ್ಯಾರು?

ಕತ್ತರಿ ತೆಗೆದೆ. ವಾಪಸ್ಸಿಟ್ಟೆ. ಲಕೋಟೆ ಇದ್ದ ಹಾಗೇ ಡ್ರಾಯರಿಗೆ ಹೋಯಿತು. ಪುಟದಲ್ಲಿ ಹತ್ತನೇ ಜಾಗ ಖಾಲಿ. ಖಾಲಿಯೇ ಇರಲಿ.

ಡ್ವೈಟ್ ಮೂರಕ್ಕೆ ಬರುತ್ತಾನೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ಮುದ್ರೆ ಸೊಟ್ಟಗಿದೆ, ಶಾಯಿ ಹರಡಿದೆ, ಗೂಬೆಯ ಕೊಕ್ಕೇ ಕಾಣುವುದಿಲ್ಲ, ಇಂಥದ್ದನ್ನು ನಾನು ಒಪ್ಪುವುದಿಲ್ಲ, ಇನ್ನೊಂದು ಕಳಿಸು — ಇಷ್ಟು ಖಾರವಾಗಿಯೇ ಬರೆಯುತ್ತೇನೆ. ಮತ್ತೆ ಮಂಡಿನೋವು ಹೇಗಿದೆ, ಅಲ್ಲಿಯವರು ಸಾರಿಗೆ ಉಪ್ಪು ಹಾಕುವುದನ್ನು ಕಲಿತರೋ ಇಲ್ಲವೋ, ಅದನ್ನೂ —