ಕೊನೆಯ ಎರಡು ಬೀದಿ

ಅಕ್ಕಾ,

ಬಸ್ ತಡವಾಗಿ ಬಂತೆಂದು ಡ್ರೈವರ್ ಮೇಲೆ ನೀನು ಕೊಟ್ಟ ದೂರನ್ನು ದಯವಿಟ್ಟು ವಾಪಸ್ ತೆಗೆದುಕೋ.

ನಮ್ಮ ಪ್ರಯೋಗಾಲಯದಲ್ಲಿ ಕಣಗಳನ್ನು ಓಡಿಸುತ್ತೇವಲ್ಲ, ಬೆಳಕಿನ ವೇಗ ಹತ್ತಿರವಾದಂತೆ ಎಷ್ಟು ತಳ್ಳಿದರೂ ಅವು ಭಾರವಾಗುತ್ತವೆಯೇ ಹೊರತು ಓಟ ಅಷ್ಟಾಗಿ ಹೆಚ್ಚುವುದಿಲ್ಲ. “ಹಂಗಾದ್ರೆ ಕೊನೇ ಚೂರು ದಾಟೋಕೇ ಆಗಲ್ವೇನೋ?” ಎಂದು, ಇದನ್ನು ಹೇಳಿದಾಗ ಅಪ್ಪ ನಕ್ಕಿದ್ದರು.

ನೀನು ದೂರಿದ ಆ ಬಸ್ ಅಂದು ಸರಿಯಾಗಿ ನಾಲ್ಕಕ್ಕೇ ಬಂದಿತ್ತು. ಅಲ್ಲಿಂದ ಮನೆಗೆ ಎರಡೇ ಬೀದಿ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಲು ಧೈರ್ಯ ಸಾಲದೆ ನಿಲ್ದಾಣದ ಬೆಂಚಿನ ಮೇಲೆ ಕೂತೆ. ಎದ್ದು ಹೊರಡಲೇ ಇಲ್ಲ. ಐದೂವರೆಗೆ “ಅಪ್ಪ ಹೋಗ್ಬಿಟ್ರು ಕಣೋ, ಎಲ್ಲಿದೀಯ?” ಎಂದು ನೀನು ಫೋನಿನಲ್ಲಿ ಅತ್ತಾಗ, “ಇನ್ನೂ ಬಸ್ಸಲ್ಲೇ ಇದೀನಿ” ಅಂದೆ.

ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ. ಆ ಒಂದೂವರೆ ಗಂಟೆಗೆ ಹಿಂದಿರುಗುವ ಯಂತ್ರ ಎಲ್ಲೂ ಇಲ್ಲ. ಡ್ರೈವರನ ಕೆಲಸವಾದರೂ ಉಳಿಯಲಿ.

ನಿನ್ನ ತಮ್ಮ